ಜಗದೇವಿ ಅತ್ತಿಯ ಮೀಟರು

ನಾನು ಐದನೇ ತರಗತಿಯಲ್ಲಿದ್ದ ವರ್ಷ, ಹೋಳಿ ಹುಣ್ಣಿಮೆ ಮುಗಿದ ಮೊದಲ ಸೋಮವಾರ ಬೆಳಿಗ್ಗೆ, ಮಾದನಹಿಪ್ಪರಗಾದ ನಮ್ಮ ಮನೆಯ ಹಿಟ್ಟಿನ ಗಿರಣಿಯನ್ನು ಮುಟ್ಟಿದ ರಾಬಿಯಾ ಬೀ ಅವರಿಗೆ ಶಾಕ್ ಹೊಡೆಯಿತು. ಕೈಯಲ್ಲಿದ್ದ ಬುಟ್ಟಿ ಜಾರಿ ಜೋಳ ಪಡಸಾಲೆಯ ತುಂಬ ಚೆಲ್ಲಿತು. ಪೆಟ್ಟೇನೂ ಆಗಲಿಲ್ಲ. ರಾಬಿಯಾ ಬೀ ಪಕ್ಕದ ಮನೆಯವರು, ಅವರ ಅಡುಗೆಮನೆಗೂ ನಮ್ಮ ದನದ ಕೊಟ್ಟಿಗೆಗೂ ಒಂದೇ ಗೋಡೆ. ಅವರು ಮೊಣಕೈ ಉಜ್ಜಿಕೊಳ್ಳುತ್ತ ಗಿರಣಿಯನ್ನು ಮೇಲಿಂದ ಕೆಳಗೆ ನೋಡಿದರು, ಆಮೇಲೆ ಅವ್ವನನ್ನು ನೋಡಿದರು.

“ಯಕ್ಕಾ, ನಿನ್ನ ಗಿರಣಿ ಕಚ್ಚಾಕತ್ತದ ನೋಡ ಮಾ. ನಿನ್ನೆ ಏನರ ಬೈದಿದ್ದೇನು ಅದಕ್ಕ?”

ಅವ್ವ ನಕ್ಕಳು. ಗಿರಣಿ ಬಂದ್ ಮಾಡಿ ಜೋಳ ಬಳಿದುಕೊಟ್ಟಳು. ಆದರೆ ಅದೇ ವಾರ ಇನ್ನೂ ಮೂರು ನಾಲ್ಕು ಹೆಂಗಸರ ಕೈ ಜುಮ್ಮೆಂದಿತು. ಒಬ್ಬಾಕೆ ಹಿಟ್ಟು ತಗೊಳ್ಳದೇ ಬರಿ ಬುಟ್ಟಿ ಹೊತ್ತು ಹೋದಳು.

ಗಿರಣಿ ಇದ್ದದ್ದು ಪಡಸಾಲೆಯ ಬಲಗಡೆ. ಎಡಗಡೆ ಮುತ್ಯಾ, ಅಂದರೆ ಅಪ್ಪನ ಅಪ್ಪ, ಮಲಗುವ ಹೊರಸು. ನಮ್ಮ ಕಲ್ಲಿನ ಮನೆಯಲ್ಲಿ ಬೆಳಕು ಬರುತ್ತಿದ್ದದ್ದು ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ. ಮಧ್ಯಾಹ್ನ ಗಿರಣಿ ನಡೆಯುವಾಗ ಆ ಬೆಳಕಿನ ಕೋಲಿನೊಳಗೆ ಹಿಟ್ಟಿನ ದೂಳು ಮೇಲೆ ಏರುವುದು, ಇಳಿಯುವುದು ಕಾಣುತ್ತಿತ್ತು. ಮನೆಯ ಸಕಲ ವಸ್ತುವಿನ ಮೇಲೂ ಒಂದು ಪದರ ಹಿಟ್ಟು: ಕ್ಯಾಲೆಂಡರು, ದೇವರ ಜಗಲಿ, ಜೇಡರ ಬಲೆ, ಮುತ್ಯಾನ ಹುಬ್ಬು. ಅದಕ್ಕೇ ಅವ್ವ ದಿನಾ ಬೆಳಿಗ್ಗೆ ಗಿರಣಿ ಶುರು ಮಾಡುವ ಮುಂಚೆ ಶಹಾಬಾದಿ ಕಲ್ಲಿನ ನೆಲವನ್ನು ನೀರು ಹಾಕಿ ತೊಳೆಯುತ್ತಿದ್ದಳು. ಬೆಳಗಿನ ಗಿರಾಕಿಗಳು ಒದ್ದೆ ನೆಲದ ಮೇಲೆ, ಬರಿಗಾಲಲ್ಲಿ ನಿಲ್ಲುತ್ತಿದ್ದರು. ದೇವರ ಜಗಲಿ ಇರುವ ಪಡಸಾಲೆಗೆ ನಮ್ಮಲ್ಲಿ ಯಾರೂ ಚಪ್ಪಲಿ ಹಾಕಿಕೊಂಡು ಬರುವುದಿಲ್ಲ. ಬರುತ್ತಿದ್ದವನು ಅಪ್ಪ ಒಬ್ಬನೇ, ಹೊಲದಿಂದ ಬಂದಾಗ, ಮರೆತು. ಹಾಗೆ ಒಂದು ಮಧ್ಯಾಹ್ನ ಬಂದು, ಒಣಗಿದ ನೆಲದ ಮೇಲೆ ರಬ್ಬರು ಚಪ್ಪಲಿಯಲ್ಲಿ ನಿಂತು, ಗಿರಣಿಯ ಮೇಲೆ ಅಂಗೈ ಇಟ್ಟು, ಏನೂ ಇಲ್ಲ ಎಂದು ತೀರ್ಪು ಕೊಟ್ಟ. ಮರುದಿನ ಬೆಳಿಗ್ಗೆ ಅವ್ವನಿಗೇ ಹೊಡೆಯಿತು.

ಗಿರಣಿಗೆ ವೈರಿಂಗ್ ಮಾಡಿದವಳು ಜಗದೇವಿ ಅತ್ತಿ, ಅಪ್ಪನ ಕೊನೆಯ ತಂಗಿ. ಕಲಬುರಗಿಯಲ್ಲಿ ಐಟಿಐ ಓದಿ ಎಲೆಕ್ಟ್ರಿಷಿಯನ್ ಆಗಿ ಮನೆಗೆ ಬಂದಿದ್ದಳು. ಅವಳು ಪಾಸಾದಾಗ ಮುತ್ಯಾ ಒಂದು ಹಳದಿ ಬಣ್ಣದ ಮಲ್ಟಿಮೀಟರು ಕೊಡಿಸಿದ್ದ. ಅಂಗೈಗಿಂತ ಸ್ವಲ್ಪ ದೊಡ್ಡದು, ನಡುವೆ ತಿರುಗಿಸುವ ಗುಂಡಿ, ಮೇಲೆ ಅಂಕಿ ಕಾಣುವ ಸಣ್ಣ ಕಿಟಕಿ, ಕೆಳಗೆ ಒಂದು ಕೆಂಪು ವೈರು, ಒಂದು ಕಪ್ಪು ವೈರು. ಅದರ ಜಾಗ ದೇವರ ಜಗಲಿಯ ಪಕ್ಕದ ಗೋಡೆಯ ಮಾಡದಲ್ಲಿ, ಅರಿವೆ ಸುತ್ತಿ. ಮಹಾನವಮಿಯ ದಿನ ನಮ್ಮ ಆಯಿ, ಅಪ್ಪನ ಅವ್ವ, ಕುಡುಗೋಲು, ಕೊಡಲಿ, ಗಿರಣಿಯ ಜೊತೆ ಅದಕ್ಕೂ ವಿಭೂತಿ ಹಚ್ಚಿದ್ದಳು. ವಿಭೂತಿ ಗುಂಡಿಯ ಸಂದಿಗೆ ಇಳಿದು, ಆಮೇಲೆ ಯಾವಾಗ ತಿರುಗಿಸಿದರೂ ಅದು ಕರಕರ ಎನ್ನುತ್ತಿತ್ತು. ಅತ್ತಿ ಅದನ್ನು ಒರೆಸಲು ಹೋಗಲಿಲ್ಲ.

ಆ ವರ್ಷ ಅಫಜಲಪುರದ ಕಡೆಯಿಂದ ಅತ್ತಿಗೆ ಒಂದು ಸಂಬಂಧ ಬಂದಿತ್ತು. ಹುಡುಗನ ಮನೆಯವರಿಗೆ ಅವಳ ಓದಿನ ಬಗ್ಗೆ ತಕರಾರಿರಲಿಲ್ಲ, ಕೆಲಸದ ಬಗ್ಗೆ ಇತ್ತು: ಹೆಣ್ಣುಮಕ್ಕಳು ಕಂಬದ ಕೆಳಗೆ ಸ್ಕ್ರೂಡ್ರೈವರ್ ಹಿಡಿದು ನಿಲ್ಲುವುದು ತಮ್ಮಲ್ಲಿ ನಡೆಯುವುದಿಲ್ಲ ಎಂದಿದ್ದರು. ಅತ್ತಿ ಅಪ್ಪನ ಹತ್ತಿರ ಒಂದು ವರ್ಷದ ಗಡುವು ಕೇಳಿಕೊಂಡಿದ್ದಳು. ವರ್ಷದೊಳಗೆ ಊರಿನವರು ತನ್ನನ್ನು ಕೆಲಸಕ್ಕೆ ಕರೆದರೆ ತನ್ನ ದಾರಿ ತನಗೆ, ಇಲ್ಲವಾದರೆ ಅಫಜಲಪುರ. ಅಪ್ಪ ಒಪ್ಪಿದ್ದ. ನಮ್ಮ ಗಿರಣಿ ಅವಳ ಮೊದಲ ಕೆಲಸ. ಅದನ್ನು ನೋಡಿ ಇನ್ನೆರಡು ಮನೆಯವರು ಕರೆದಿದ್ದರು. ಈಗ ಆ ಎರಡೂ ಮನೆಯವರು, ಸ್ವಲ್ಪ ತಡೀವಾ, ಆಮ್ಯಾಲ ನೋಡೋಣು ಎಂದು ಹೇಳಿ ಕಳಿಸಿದ್ದರು.

ಮಾತು ಹೊರಬಿದ್ದದ್ದು ಮುಂದಿನ ವಾರ, ಮಂಗಳವಾರ ಸಂಜೆ ಊಟದ ಹೊತ್ತಿಗೆ. ತಾಟಿನಲ್ಲಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಮತ್ತು ಆ ವಾರದಲ್ಲಿ ಮತ್ತೊಮ್ಮೆ ನುಗ್ಗಿಕಾಯಿ ಪಲ್ಯ. ಹಿತ್ತಲಿನ ನುಗ್ಗಿ ಗಿಡ ಎಂದೂ ಇಲ್ಲದ ಹಾಗೆ ಕಾಯಿ ಬಿಟ್ಟಿತ್ತು. ಆಯಿ ಅದನ್ನು ಓಣಿಗೆಲ್ಲ ಹಂಚಿ, ಉಳಿದದ್ದನ್ನು ನಮಗೆ ಬಡಿಸುತ್ತಿದ್ದಳು. ಅಪ್ಪ ಕಾಯಿಯ ಸಿಪ್ಪೆಯನ್ನು ತಾಟಿನ ಅಂಚಿಗೆ ಸಾಲಾಗಿ ಇಟ್ಟು, ತಲೆ ಎತ್ತದೆ ಹೇಳಿದ.

“ಜಗದೇವಿ, ನಾಳಿಂದ ಗಿರಣಿ ಬಂದ್. ಗುರುವಾರ ಆಳಂದಕ್ಕ ಹೋಗಿ ವೈರ್‌ಮನ್‌ಗ ಕರ್ಕೊಂಡ ಬರ್ತೇನಿ. ಎಲ್ಲಾ ಕಿತ್ತಿ ಹೊಸದಾಗಿ ಹಾಕಲಿ.”

“ಕೀಳೋಕಿಂತ ಮೊದಲ ಯಾಕ ಹೊಡಿತದ ನೋಡ್ಬೇಕಲ್ಲಣ್ಣಾ.”

“ನೋಡಾಕ ಏನದ ಅದರಾಗ? ಕರೆಂಟ್ ಕಣ್ಣಿಗಿ ಕಾಣ್ತದೇನು?”

“ಕಾಣ್ತದ,” ಎಂದಳು ಅತ್ತಿ.

ಅವ್ವ ಅಪ್ಪನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ನನಗೆ ಆ ಒಂದು ಮಾತು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಕರೆಂಟು ಕಾಣುತ್ತದೆ ಎಂದರೆ ಹೇಗೆ? ಬಲ್ಬಿನ ಬೆಳಕು ಕಾಣುತ್ತದೆ, ಫ್ಯಾನು ತಿರುಗುವುದು ಕಾಣುತ್ತದೆ. ಕರೆಂಟು ಎಂದರೆ ನನ್ನ ಲೆಕ್ಕದಲ್ಲಿ ಬರುವುದು ಮತ್ತು ಹೋಗುವುದು, ಅಷ್ಟೇ. ನಡುವೆ ಅದಕ್ಕೊಂದು ಹೆಚ್ಚು ಕಡಿಮೆ ಇರುತ್ತದೆಂದು, ಅದು ಗೋಡೆಯೊಳಗೆ ಯಾವ ದಾರಿಯಲ್ಲಿ ಹೋಗಿ ಎಲ್ಲಿ ಸೋರುತ್ತದೆಂದು ಕೇಳಿ ತಿಳಿಯಬಹುದೆಂದು ಯಾರೂ ಹೇಳಿರಲಿಲ್ಲ.

ಅತ್ತಿಗೆ ಇನ್ನೊಬ್ಬರು ಬೇಕಾಗಿತ್ತು. ಗಿರಣಿ ಪಡಸಾಲೆಯಲ್ಲಿ, ಅದರಿಂದ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ತಗ್ಗು ಹಿತ್ತಲಲ್ಲಿ ಬಚ್ಚಲಿನ ಆಚೆ. ಒಬ್ಬಳೇ ಎರಡೂ ಕಡೆ ಇರಲು ಆಗುವುದಿಲ್ಲ. ಅಪ್ಪನನ್ನು ಕೇಳುವಂತಿರಲಿಲ್ಲ, ಅವ್ವ ಮುಟ್ಟಲು ಒಲ್ಲೆ ಎಂದಳು. ಬುಧವಾರ ಬೆಳಿಗ್ಗೆ ಅತ್ತಿ ನನ್ನನ್ನು ಮುತ್ಯಾನ ಹೊರಸಿನ ಮೇಲೆ ಕೂಡಿಸಿ, ಅರಿವೆ ಬಿಚ್ಚಿ, ಮೀಟರನ್ನು ನನ್ನ ತೊಡೆಯ ಮೇಲಿಟ್ಟಳು. ಕಪ್ಪು ವೈರಿನ ತೂತು ಎಂದೂ ಬದಲಾಗುವುದಿಲ್ಲ. ಕೆಂಪು ವೈರು ವೋಲ್ಟಿನ ತೂತಿನಲ್ಲೇ ಇರಬೇಕು, ಪಕ್ಕದ ತೂತಿಗೆ ಹಾಕಿ ಮನೆಯ ಕರೆಂಟಿಗೆ ಮುಟ್ಟಿಸಿದರೆ ಮೀಟರೂ ಹೋಗುತ್ತದೆ, ಕೈಯೂ ಸುಡುತ್ತದೆ. ಎಷ್ಟಿದೆ ಎಂದು ಗೊತ್ತಿಲ್ಲದಾಗ ಗುಂಡಿಯನ್ನು ದೊಡ್ಡ ಅಂಕಿಯಿಂದ ಶುರು ಮಾಡಬೇಕು. ವೈರಿನ ತುದಿಯಲ್ಲಿರುವ ಕಡ್ಡಿಯ ಕಬ್ಬಿಣಕ್ಕೆ ಬೆರಳು ಹೋಗಬಾರದು, ಪ್ಲಾಸ್ಟಿಕ್ಕಿನ ಹಿಂದೆಯೇ ಇರಬೇಕು. ಇದನ್ನೆಲ್ಲ ಅವಳು ಅವಸರವಿಲ್ಲದೆ, ರೊಟ್ಟಿ ಬಡಿಯುವುದನ್ನು ಕಲಿಸುವವರ ಹಾಗೆ, ನನ್ನ ಕೈ ಹಿಡಿದು ಹೇಳಿದಳು.

ಮೊದಲು ಕೊಟ್ಟದ್ದು ಮುತ್ಯಾನ ಬ್ಯಾಟರಿಯ ಸೆಲ್ಲು. ಕೆಂಪು ಒಂದು ತುದಿಗೆ, ಕಪ್ಪು ಇನ್ನೊಂದು ತುದಿಗೆ. ಕಿಟಕಿಯಲ್ಲಿ ಅಂಕಿ ನಡುಗಿ, ನಿಂತಿತು. ಒಂದು, ಚುಕ್ಕಿ, ಸೊನ್ನೆ, ಎಂಟು. ನಾನು ಕಡ್ಡಿ ತೆಗೆದೆ, ಸೊನ್ನೆ. ಮತ್ತೆ ಹಿಡಿದೆ, ಅದೇ ಒಂದು ಚುಕ್ಕಿ ಸೊನ್ನೆ ಎಂಟು. ಸತ್ತಿದೆ ಎಂದು ಮುತ್ಯಾ ಬದಿಗಿಟ್ಟಿದ್ದ ಸೆಲ್ಲಿನೊಳಗೆ ಅಷ್ಟು ಉಳಿದಿತ್ತು. ಅದು ಯಾರಿಗೂ ಕಾಣದೆ ಅಲ್ಲಿ ಕೂತಿತ್ತು, ಮತ್ತು ಕೇಳಿದರೆ ಹೇಳುತ್ತಿತ್ತು. ಮನೆಯಲ್ಲಿದ್ದ ಸೆಲ್ಲುಗಳನ್ನೆಲ್ಲ ತಂದು ಅಳೆದೆ, ರೇಡಿಯೋದ್ದು, ಗೋಡೆ ಗಡಿಯಾರದ್ದು, ಮಾಳಿಗೆಯ ಮೇಲೆ ಮುತ್ಯಾ ಬಿಸಿಲಿಗೆ ಒಣಗಲು ಇಟ್ಟದ್ದು. ಸೆಲ್ಲು ಬಿಸಿಲು ಕುಡಿದರೆ ಮತ್ತೆ ಜೀವ ಬರುತ್ತದೆ ಎಂಬುದು ಮುತ್ಯಾನ ಗಟ್ಟಿ ನಂಬಿಕೆ. ಆ ಮೊದಲ ಸೆಲ್ಲನ್ನೇ ಮಾಳಿಗೆಯ ಮೇಲೆ ಬಿಸಿ ಮಾಡಿ ತಂದು ಹಿಡಿದಾಗ ಒಂದು ಚುಕ್ಕಿ ಒಂದು ಒಂದು ತೋರಿಸಿತು. ಮುತ್ಯಾ ಎದ್ದು ಕೂತ.

“ನೋಡ್ದೇನ್ಬೇ ಜಗದೇವಿ? ಐಟಿಐದಾಗ ಇದು ಕಲಿಸಿಲ್ಲ ನಿನಗ.”

ಅತ್ತಿ ಅದು ಬರೀ ಕಾವು, ಆರಿದರೆ ಇಳಿಯುತ್ತದೆ ಎಂದಳು. ಆರಿದ ಮೇಲೆ ಇಳಿದೂ ಇಳಿಯಿತು, ಮತ್ತೆ ಒಂದು ಚುಕ್ಕಿ ಸೊನ್ನೆ ಎಂಟು. ಮುತ್ಯಾ ಸೋಲಲಿಲ್ಲ. ಬಿಸಿಲಾಗ ದುಡಿದು ಬಂದವರು ನೆರಳಿಗಿ ಕೂತ ಮ್ಯಾಲ ಒಂದೀಟ ಮೆತ್ತಗ ಆಗೂದೇ ಎಂದು ಹೇಳಿ ಮಲಗಿಕೊಂಡ.

ಆಮೇಲೆ ಗೋಡೆಯ ಸಾಕೆಟ್ಟು. ಗುಂಡಿ ಕರಕರ ತಿರುಗಿತು. ಅತ್ತಿ ನನ್ನ ಕಾಲಿಗೆ ತನ್ನ ಚಪ್ಪಲಿ ಹಾಕಿಸಿ, ಊಟಕ್ಕೆ ಕೂಡುವ ಕಟ್ಟಿಗೆಯ ಮಣೆ ತಂದು ಅದರ ಮೇಲೆ ನಿಲ್ಲಿಸಿದಳು. ಪಡಸಾಲೆಯಲ್ಲಿ ಚಪ್ಪಲಿ ಹಾಕಿಕೊಂಡು, ಅದೂ ಮಣೆಯ ಮೇಲೆ. ಆಯಿ ಅಡುಗೆಮನೆಯಿಂದ ಅದನ್ನು ನೋಡಿ ದೇವರ ಜಗಲಿಯ ಕಡೆ ಕೈಮುಗಿದಳು. ನಾನು ಎರಡೂ ಕಡ್ಡಿ ಸಾಕೆಟ್ಟಿಗೆ ಹಿಡಿದೆ.

“ಎಷ್ಟದ?”

“ಸುಮಾರು ಎರಡನೂರು.”

“ಸುಮಾರು ಯಾರ್ ಕೇಳ್ಯಾರ ನಿನಗ? ಕಾಣೋದ ಹೇಳು.”

“ನೂರಾ ಎಂಬತ್ತೇಳು. ಈಗ ಎಂಬತ್ತೊಂಬತ್ತು. ಮತ್ತ ಎಂಬತ್ತೇಳು.”

“ಹಂಗ ಹೇಳು. ಕುಣಿಯಾಕತ್ತಿದ್ರ ಕುಣಿಯಾಕತ್ತದ ಅನ್ನು. ನೀ ನಿಲ್ಲಿಸಬ್ಯಾಡ ಅದಕ್ಕ.”

ಮುಂದೆ ಬಹಳ ವರ್ಷ ನಾನು ಸುದ್ದಿ ಬರೆದು ಹೊಟ್ಟೆ ಹೊರೆದೆ. ಆ ಕೆಲಸದ ಮೊದಲ ಪಾಠ ನನಗೆ ಸಿಕ್ಕದ್ದು ಆ ಮಣೆಯ ಮೇಲೆ. ಎರಡನೆಯದೂ ಅವತ್ತೇ ಸಿಕ್ಕಿತು: ಏನನ್ನಾದರೂ ಅಳೆಯುವ ಮೊದಲು, ಗೊತ್ತಿರುವುದರ ಮೇಲೆ ಹಿಡಿದು ಮೀಟರು ಸರಿ ಇದೆಯೇ ನೋಡಬೇಕು. ಅಳೆದಾದ ಮೇಲೆ ಮತ್ತೊಮ್ಮೆ ನೋಡಬೇಕು. ಸೊನ್ನೆ ತೋರಿಸಿದರೆ ಅಲ್ಲಿ ಕರೆಂಟು ಇಲ್ಲದಿರಬಹುದು, ಅಥವಾ ಮೀಟರೇ ಕೆಟ್ಟಿರಬಹುದು.

ಮಧ್ಯಾಹ್ನದ ಊಟವಾದ ಮೇಲೆ ಕೆಲಸ ಶುರುವಾಯಿತು. ಅಪ್ಪ ಹೊಲಕ್ಕೆ ಹೋಗದೆ ಹೊರಸಿನ ತುದಿಯಲ್ಲಿ ಕೂತಿದ್ದ. ಅತ್ತಿ ಮೇನ್ ಸ್ವಿಚ್ ಕೆಳಗೆ ಮಾಡಿ, ಒಂದು ಉದ್ದ ವೈರನ್ನು ಮೀಟರಿನ ಕಪ್ಪು ಕಡ್ಡಿಗೆ ಕಟ್ಟಿ, ಹಿತ್ತಲ ಬಾಗಿಲಿನಿಂದ ಎಳೆದುಕೊಂಡು ಹೋದಳು. ಗಿರಣಿಯಿಂದ ನೆಲಕ್ಕೆ ಹೋಗುವ ಅರ್ಥ್ ವೈರು ಎಲ್ಲಾದರೂ ಕಡಿದಿದೆಯೇ ಎಂಬುದು ಮೊದಲ ಪ್ರಶ್ನೆ. ಕಡಿದಿದ್ದರೆ ಅದು ಅವಳ ಕೈಯ ತಪ್ಪು, ಅವಳು ಕಟ್ಟಿದ ಗಂಟು ಬಿಚ್ಚಿದೆ ಎಂದರ್ಥ. ವೈರು ಕೂಡಿದ್ದರೆ ಕೂಗುವ ಗುರುತಿಗೆ ಗುಂಡಿ ತಿರುಗಿಸಿ, ನಾನು ಕೆಂಪು ಕಡ್ಡಿಯನ್ನು ಗಿರಣಿಯ ಬೋಲ್ಟಿಗೆ ಒತ್ತಿ ಹಿಡಿದೆ. ಅವಳು ಹಿತ್ತಲಲ್ಲಿ ತಗ್ಗಿನ ಪೈಪಿಗೆ ವೈರು ಮುಟ್ಟಿಸಿದಳು. ನನ್ನ ಕೈಯಲ್ಲಿದ್ದ ಮೀಟರು ಕುಂಯ್ ಎಂದು ಕೂಗಿತು. ಗೋಡೆಯ ಆಚೆ, ಬಚ್ಚಲಿನ ಆಚೆ ಅವಳು ಮುಟ್ಟಿದ್ದು ನನ್ನ ಕೈಗೆ ಗೊತ್ತಾಯಿತು. ಅವಳು ಬಿಟ್ಟಳು, ನಿಂತಿತು. ಮುಟ್ಟಿದಳು, ಕೂಗಿತು. ವೈರು ಗಟ್ಟಿ ಇತ್ತು.

ಒಳಗೆ ಬಂದ ಅತ್ತಿಯ ಮುಖದಲ್ಲಿ ಸಮಾಧಾನ ಇರಲಿಲ್ಲ. ವೈರು ಸರಿ ಇದ್ದರೆ ಗಿರಣಿ ಯಾಕೆ ಹೊಡೆಯಬೇಕು? ಅವಳು ಹಾರೆ ತೆಗೆದುಕೊಂಡು ಹೋಗಿ ದನ ನೀರು ಕುಡಿಯುವ ಡೋಣಿಯ ಪಕ್ಕ, ನೀರು ಚೆಲ್ಲಿ ಸದಾ ಹಸಿ ಇರುವ ಕಡೆ, ಪೈಪಿನ ಜೊತೆ ಹೋಲಿಸಿ ನೋಡಲು ನೆಲಕ್ಕೆ ಹೊಡೆದು ನಿಲ್ಲಿಸಿದಳು. ಮೇನ್ ಮೇಲೆ ಮಾಡಿ ಗಿರಣಿ ಶುರು ಮಾಡಿದಳು. ಗುಂಡಿಯನ್ನು ಮತ್ತೆ ವೋಲ್ಟಿಗೆ ತಿರುಗಿಸಿ ನಾನು ಮಣೆ ಏರಿದೆ. ವೈರು ಪೈಪಿಗೆ ಮುಟ್ಟಿಸಿದಾಗ ಸೊನ್ನೆ. ಹಾರೆಗೆ ಮುಟ್ಟಿಸಿದಾಗ ಎಂಬತ್ತನಾಲ್ಕು. ನಾನು ಕಂಡದ್ದನ್ನು ಕೂಗಿ ಹೇಳಿದೆ. ಅವಳು ಮತ್ತೆ ಪೈಪಿಗೆ, ಮತ್ತೆ ಹಾರೆಗೆ. ಸೊನ್ನೆ. ಎಂಬತ್ತನಾಲ್ಕು. ಗಿರಣಿ ನಿಲ್ಲಿಸಿ ಅವಳು ಹಿತ್ತಲ ಬಾಗಿಲಲ್ಲಿ ಕಾಣಿಸಿಕೊಂಡಾಗ ಕಣ್ಣು ಬೇರೆಯಾಗಿದ್ದವು.

“ಅಣ್ಣಾ, ಗಿರಣಿಗಿ ಏರಿದ ಕರೆಂಟ್ ಪೈಪಿನಾಗೇ ನಿಂತದ. ಪೈಪ್ ನೆಲದಾಗ ಅದ, ಆದ್ರ ನೆಲಕ್ಕ ಕೂಡಿಲ್ಲ.”

ನಾವೆಲ್ಲ ಹಿತ್ತಲಿಗೆ ಹೋದೆವು. ತಗ್ಗು ತೋಡಿದ್ದು ಅತ್ತಿಯೇ, ಆರು ಏಳು ತಿಂಗಳ ಹಿಂದೆ. ಪೈಪಿನ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು ತುಂಬಿ, ಮೇಲೆ ಫರಸಿಕಲ್ಲು ಮುಚ್ಚಿದ್ದಳು. ಉಪ್ಪು ಹಸಿ ಹಿಡಿದಿರುತ್ತದೆ, ಹಸಿ ಇದ್ದರೆ ಗಿರಣಿಯ ಮೈಗೆ ಸೋರಿದ ಕರೆಂಟು ಮನುಷ್ಯರ ಮೈ ಬಿಟ್ಟು ನೆಲಕ್ಕೆ ಹೋಗುತ್ತದೆ. ತಗ್ಗನ್ನು ಬಚ್ಚಲಿನ ನೀರು ಹರಿಯುವ ಕಡೆ ತೋಡಿದ್ದು ಅದಕ್ಕೇ, ಮನೆಯವರ ಸ್ನಾನದ ನೀರಿನಲ್ಲಿ ಅದು ವರ್ಷವಿಡೀ ಒದ್ದೆ ಇರಲಿ ಎಂದು. ಕಲ್ಲು ಎತ್ತಿದಾಗ ಒಳಗೆ ಮಣ್ಣು ಬಿರಿದಿತ್ತು. ಉಪ್ಪು ಬೆಳ್ಳಗೆ, ಹಕ್ಕಳೆಗಳಾಗಿ, ಒಣಗಿ ನಿಂತಿತ್ತು. ಬಚ್ಚಲಿನ ಬಾಯಿಯ ಹತ್ತಿರ ಅಂಗೈ ಎತ್ತರದ ಒಂದು ಮಣ್ಣಿನ ಒಡ್ಡು. ನೀರು ಅಲ್ಲಿ ತಿರುಗಿ, ಹೊಸದಾಗಿ ತೋಡಿದ ಕಾಲುವೆ ಹಿಡಿದು, ನೇರ ನುಗ್ಗಿ ಗಿಡದ ಬುಡಕ್ಕೆ ಹೋಗುತ್ತಿತ್ತು.

“ನಾನೇ ತಿರುವೇನಿ,” ಎಂದಳು ಆಯಿ, ನಮ್ಮೆಲ್ಲರ ಹಿಂದಿನಿಂದ.

ತಗ್ಗು ತೋಡಿದಾಗ ಆಯಿ ಊರಲ್ಲಿರಲಿಲ್ಲ. ದೊಡ್ಡ ಮಗಳ ಬಾಣಂತನಕ್ಕೆ ಜೇವರ್ಗಿ ಕಡೆಯ ಕೊಳಕೂರಿಗೆ ಹೋಗಿದ್ದಳು. ಬಂದ ಮೇಲೆ ಅಲ್ಲಿ ಚೀಲಗಟ್ಟಲೆ ಉಪ್ಪು ಹೂತಿದ್ದಾರೆಂದು ಅವ್ವನಿಂದ ಕೇಳಿದ್ದಳು. ನಮ್ಮ ಮನೆಯಲ್ಲಿ ಒಂದು ಹರಳು ಉಪ್ಪು ನೆಲಕ್ಕೆ ಬಿದ್ದರೆ ಆಯಿ ಬಗ್ಗಿ ಬೆರಳಿಗೆ ಅಂಟಿಸಿಕೊಂಡು ಎತ್ತುತ್ತಿದ್ದಳು, ಯಾರ ಕಾಲಿಗೂ ಸಿಗಬಾರದು ಎಂದು. ಬಿದ್ದ ಉಪ್ಪು ತುಳಿದವರಿಗೆ ಕೈಮುಗಿಸುತ್ತಿದ್ದಳು. ಆ ಉಪ್ಪಿನ ಮೇಲೆ ದಿನವೂ ಮೈ ತೊಳೆದ ನೀರು ಹರಿಯುವುದನ್ನು ಅವಳಿಗೆ ನೋಡಲಾಗಲಿಲ್ಲ. ಯಾರಿಗೂ ಹೇಳದೆ, ಕುಡುಗೋಲಿನ ತುದಿಯಿಂದ ಕಾಲುವೆ ತೋಡಿ ನೀರು ತಿರುಗಿಸಿದ್ದಳು. ಮಳೆಗಾಲದ ಹಸಿ ಚಳಿಗಾಲದವರೆಗೂ ಉಳಿದಿತ್ತು. ಹೋಳಿಯ ಬಿಸಿಲಿಗೆ ಮುಗಿಯಿತು.

“ಉಣ್ಣು ಉಪ್ಪಿನ ಮ್ಯಾಲ ಬಚ್ಚಲ ನೀರ ಹರಸ್ತಾರೇನ್ಬೇ ಯಾರಾದ್ರೂ? ಅದಕ್ಕ ತಿರುವಿದೆ. ತಪ್ಪಂದ್ರ ತಪ್ಪು.”

ಅಪ್ಪ ಬಾಯಿ ತೆರೆದ. ಅತ್ತಿ ಅವನ ಕಡೆ ನೋಡದೆ ಆಯಿಯ ಹತ್ತಿರ ಹೋದಳು.

“ಚೊಲೊ ನೀರ ಹಾಕಿದ್ರ ನಡಿತದೇನವ್ವಾ?”

ಆಯಿ ಬಗ್ಗಿ ಒಣಗಿದ ಉಪ್ಪನ್ನು ನೋಡಿದಳು. “ಕುಡಿಯೋ ನೀರಾ? ಅದು ನಡಿತದ.”

ನಾನು ಒಳಗೆ ಓಡಿ ಮೊದಲು ಸಾಕೆಟ್ಟಿಗೆ ಕಡ್ಡಿ ಹಿಡಿದು ಮೀಟರು ನೋಡಿದೆ. ಸರಿ ಇತ್ತು. ಮಣೆ ಏರಿ ಗಿರಣಿಗೆ ಕೆಂಪು ಕಡ್ಡಿ ಒತ್ತಿದೆ, ಕಪ್ಪಿನ ವೈರನ್ನು ಅತ್ತಿ ಹಾರೆಗೆ ಕಟ್ಟಿದಳು. ಗಿರಣಿ ಶುರುವಾಯಿತು. ಎಂಬತ್ತನಾಲ್ಕು. ಆಯಿ ಅಡುಗೆಮನೆಯ ಹಂಡೆಯಿಂದ ತಾಮ್ರದ ಕೊಡ ತುಂಬಿ ಹೊರಗೆ ಹೋದಳು. ಬೆಳಕಿಂಡಿಯ ಬೆಳಕು ಮೀಟರಿನ ಮೇಲೆ ಬಿದ್ದಿತ್ತು, ಹಿಟ್ಟಿನ ಕಣಗಳು ಅಂಕಿಯ ಮೇಲೆ ಇಳಿಯುತ್ತಿದ್ದವು. ಹಿತ್ತಲಲ್ಲಿ ನೀರು ಸುರಿದ ಸದ್ದು ಗಿರಣಿಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಆದರೆ ಎಂಬತ್ತನಾಲ್ಕು ಎಂಬತ್ತಾಯಿತು. ಎಪ್ಪತ್ತಮೂರು. ಅರವತ್ತಾರು. ನಾನು ಒಂದೊಂದನ್ನೂ ಕೂಗಿದೆ. ಅವ್ವ ಬಾಗಿಲಲ್ಲಿ ನಿಂತು ಅದನ್ನು ಹಿತ್ತಲಿಗೆ ಕೂಗಿ ದಾಟಿಸಿದಳು. ಎರಡನೆಯ ಕೊಡಕ್ಕೆ ನಲವತ್ತು, ಆಮೇಲೆ ಇಪ್ಪತ್ತೆರಡು. ನೀರು ಉಪ್ಪಿನೊಳಗೆ ಇಳಿಯುವುದು, ಇದ್ದಿಲಿನಲ್ಲಿ ಹರಡುವುದು, ಪೈಪಿನ ಬುಡ ತಲುಪುವುದು, ನೆಲ ಅದನ್ನು ಹಿಡಿಯುವುದು ನನ್ನ ಕೈಯಲ್ಲಿ ಅಂಕಿಯಾಗಿ ಕಾಣುತ್ತಿತ್ತು. ನಾನು ಹುಟ್ಟಿದ ಮನೆಯ ಕೆಳಗೆ ಇಷ್ಟು ದೊಡ್ಡದೊಂದು ಇದೆ, ಅದು ನಮ್ಮ ಗಿರಣಿಯನ್ನು ಒಳಗಿನಿಂದ ಹಿಡಿದುಕೊಳ್ಳುತ್ತಿದೆ ಎಂದು ತಿಳಿದು ಕಡ್ಡಿಯನ್ನು ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿದೆ. ಮೂರನೆಯ ಕೊಡ. ಒಂಬತ್ತು. ಆರು. ನಾಲ್ಕು. ನಾಲ್ಕಕ್ಕೆ ನಿಂತಿತು.

ಅತ್ತಿ ಒಳಗೆ ಬಂದಳು, ಸೀರೆಯ ಅಂಚು ಕೆಸರಾಗಿತ್ತು. ಮೀಟರನ್ನು ಮತ್ತೆ ಸಾಕೆಟ್ಟಿಗೆ ಹಿಡಿಯಲು ಹೇಳಿದಳು. ಹಿಡಿದೆ, ನೂರಾ ತೊಂಬತ್ತೊಂದು. ಮೀಟರು ಸುಳ್ಳು ಹೇಳುತ್ತಿರಲಿಲ್ಲ. ಕಡ್ಡಿಯನ್ನು ಮತ್ತೆ ಗಿರಣಿಗೆ ಒತ್ತಿದೆ. ಅಪ್ಪ ಎದ್ದ. ಅವ್ವ ನೆಲ ತೊಳೆಯುವ ಬಕೆಟ್ಟಿನಿಂದ ಒಂದು ತಂಬಿಗೆ ನೀರು ತೆಗೆದು ಗಿರಣಿಯ ಮುಂದಿನ ಕಲ್ಲಿನ ಮೇಲೆ ಚೆಲ್ಲಿದ. ಚಪ್ಪಲಿ ಬಿಟ್ಟ. ಒದ್ದೆಯಲ್ಲಿ ಬರಿಗಾಲು ಊರಿ, ನನ್ನನ್ನು ಕೇಳಿದ.

“ಎಷ್ಟದ, ಕಾಶಿ?”

“ನಾಕು.”

ಅವನು ಅಂಗೈಯನ್ನು ಪೂರ್ತಿ ಬಿಚ್ಚಿ ಗಿರಣಿಯ ಮೈ ಮೇಲೆ ಇಟ್ಟ. ತೆಗೆಯಲಿಲ್ಲ. ಹಾಗೇ ಅತ್ತಿಯ ಕಡೆ ತಿರುಗಿ, ಗಿರಣಿ ಬಂದ್ ಮಾಡವಾ, ಕಾಳ ಇಲ್ದ ಖಾಲಿ ತಿರುಗಾಕತ್ತದ ಎಂದ. ಗುರುವಾರ ಆಳಂದಕ್ಕೆ ಹೋಗಲಿಲ್ಲ.

ಅತ್ತಿಗೆ ಅಷ್ಟು ಸಾಕಾಗಲಿಲ್ಲ. ಕರೆಂಟು ಗಿರಣಿಯ ಮೈಗೆ ಸೋರುವುದಾದರೂ ಎಲ್ಲಿಂದ ಎಂದು ಮರುದಿನ ಮೇನ್ ತೆಗೆದು ಮೋಟರಿನ ಡಬ್ಬಿ ಬಿಚ್ಚಿದಳು. ಒಳಗೆ ಹಿಟ್ಟಿನ ದೂಳು ತೇವ ಕುಡಿದು ಹೆಪ್ಪುಗಟ್ಟಿ, ಕರೆಂಟು ಗಿರಣಿಯ ಮೈಗೆ ಸೋರಲು ದಾರಿಯಾಗಿತ್ತು. ಬ್ರಷ್ಷಿನಿಂದ ತೆಗೆದು, ಒಣ ಅರಿವೆಯಲ್ಲಿ ಒರೆಸಿ, ದೂಳು ಹೋಗದಂತೆ ಮುಚ್ಚಿದಳು. ಮೀಟರಿನ ಅಂಕಿ ಎರಡಕ್ಕಿಳಿಯಿತು. ಶುಕ್ರವಾರ ಬೆಳಿಗ್ಗೆ ರಾಬಿಯಾ ಬೀ ಬಂದು, ಒಂದು ಬೆರಳಿನಿಂದ ಗಿರಣಿಯನ್ನು ಮುಟ್ಟಿ, ಆಮೇಲೆ ಕೈ ಇಟ್ಟು, ಹಲ್ಲು ಕಿತ್ತಿರೇನು ಎಂದು ಕೇಳಿ, ತಮ್ಮ ಮನೆಯ ಸ್ವಿಚ್ ಬೋರ್ಡು ನೋಡಲು ಅತ್ತಿಯನ್ನು ಕರೆದುಕೊಂಡು ಹೋದರು. ವರ್ಷ ಮುಗಿಯುವ ಹೊತ್ತಿಗೆ ಅಪ್ಪ ಅಫಜಲಪುರದವರಿಗೆ, ಬೇರೆ ಕಡೆ ನೋಡಿಕೊಳ್ಳಿರೆಂದು ಹೇಳಿ ಕಳಿಸಿದ.

ಬಚ್ಚಲಿನ ನೀರು ನುಗ್ಗಿ ಗಿಡಕ್ಕೇ ಉಳಿಯಿತು. ಆಯಿ ಇರುವವರೆಗೆ ದಿನಾ ಬೆಳಿಗ್ಗೆ ಸ್ನಾನ ಮಾಡಿ, ತಾಮ್ರದ ಕೊಡದಲ್ಲಿ ಕುಡಿಯುವ ನೀರು ತಂದು, ಕಲ್ಲು ಸರಿಸಿ, ತಗ್ಗಿಗೆ ಹಾಕಿ, ಕಲ್ಲು ಮುಚ್ಚಿ, ಒಂದು ಚಿಟಿಕೆ ವಿಭೂತಿ ಇಟ್ಟು ಬರುತ್ತಿದ್ದಳು. ಆಮೇಲೆ ಅವ್ವ ಹಾಕತೊಡಗಿದಳು. ಜಗದೇವಿ ಅತ್ತಿ ಈಗ ಜೇವರ್ಗಿಯಲ್ಲಿ ಮೋಟರು ಸುತ್ತುವ ಅಂಗಡಿ ನಡೆಸುತ್ತಾಳೆ. ಹಳದಿ ಮೀಟರು ನನ್ನ ಹತ್ತಿರ ಇದೆ, ಅಂಕಿ ಮಸುಕಾಗಿವೆ, ಗುಂಡಿ ಇನ್ನೂ ಕರಕರ ಎನ್ನುತ್ತದೆ. ಹೋದ ತಿಂಗಳು ಊರಿಗೆ ಹೋದಾಗ ಅದನ್ನು ಮೊದಲು ಸಾಕೆಟ್ಟಿಗೆ ಹಿಡಿದು ನೋಡಿ, ಆಮೇಲೆ ಗಿರಣಿಗೂ ಡೋಣಿಯ ಪಕ್ಕದ ಹಸಿ ನೆಲಕ್ಕೂ ಹಿಡಿದೆ. ಮೂರು ತೋರಿಸಿತು. ಅವ್ವ ಕೊಡ ತಂದು ತಗ್ಗಿಗೆ ನೀರು ಹಾಕಿದಳು. ಎರಡಾಯಿತು.